ಆರನೆಯ ಕಾಲಂ

ರೂವಿಯ ಬೆಟ್ಟ ಬೆಳಗ್ಗೆ ಎಂಟಕ್ಕೇ ಕಾದ ಕಾವಲಿ.
ಅದರ ಬುಡದಲ್ಲಿ ನನ್ನ ಅಂಗಡಿ: ಒಂದು ಕಂಪ್ಯೂಟರು,
ಎರಡು ಕುರ್ಚಿ, ಗೊರಗೊರ ಅನ್ನುವ ಏಸಿ.
ಉಳ್ಳಾಲದ ಮದರಸದಲ್ಲಿ ಬೆತ್ತದ ಏಟಿಗೆ ಕಲಿತ ಅರಬ್ಬಿ
ಇಲ್ಲಿ ಹಾಳೆಗೆ ಐನೂರು ಬೈಸಾ.

ಸೆವ್ರಿನ್ ಬಾಯಿ ಬರುತ್ತಿದ್ದದ್ದು ಗುರುವಾರ,
ಶಾಲೆಯ ಸಮವಸ್ತ್ರ ಹೊಲಿಯುವ ಅಂಗಡಿ ಮುಚ್ಚಿದ ಮೇಲೆ.
ಗೌನಿನ ಎದೆಗೆ ಚುಚ್ಚಿದ ಸೂಜಿ ಹಾಗೇ,
ತೋಳ ಮೇಲೆ ದಾರದ ತುಂಡು.
"ಇದಿನಬ್ಬ, ಬರಿ."
ಕೂತಾದರೂ ಹೇಳಿ ಎಂದರೆ ಕಿವುಡು.
ಚೀಲದಿಂದ ಹೊರಬರುತ್ತಿದ್ದವು
ಯಾರದೋ ಪಾಸ್‌ಪೋರ್ಟಿನ ನಕಲು, ಯಾರದೋ ಎಕ್ಸ್‌ರೇ,
ಸಿಗರೇಟ್ ಪೊಟ್ಟಣದ ಬೆನ್ನ ಮೇಲೆ ಬರೆದ
ಐದು ತಿಂಗಳ ಬಾಕಿ ಸಂಬಳ.

ಘಲಾದಲ್ಲಿ ಸಾರುವೆಯಿಂದ ಬಿದ್ದ ಕಡಪದ ಓಬುಳೇಸು.
ಬರ್ಕಾದ ಖರ್ಜೂರದ ತೋಟದಲ್ಲಿ
ನಿದ್ದೆಯಿಂದ ಏಳದೇ ಹೋದ ಸಿಲ್ಹೆಟ್ಟಿನ ಮುದುಕ.
ಒಂದು ಕಾಲಿಗೆ ನೀಲಿ, ಒಂದಕ್ಕೆ ಕೆಂಪು ಚಪ್ಪಲಿ ಮೆಟ್ಟಿ
ನಡುರಾತ್ರಿ ಯಾರದೋ ಅಡುಗೆಮನೆಯಿಂದ ಓಡಿಬಂದ
ಕುರುನೇಗಲದ ದಿಲ್ಹಾನಿ.

ಅರ್ಜಿ ಕೊಡುವವರಿಗೆ ಏನು ಸಂಬಂಧ?
ಕೇಳುತ್ತದೆ ಆರನೆಯ ಕಾಲಂ.
"ಅಕ್ಕ ಅಂತ ಹಾಕು."
"ಮುದುಕನಿಗೆ ನಿಮಗಿಂತ ಇಪ್ಪತ್ತು ಹೆಚ್ಚು, ಬಾಯಿ!"
"ಹಾಗಾದರೆ ತಂಗಿ."
ಅರಬ್ಬಿಯಲ್ಲಿ ಎರಡಕ್ಕೂ ಒಂದೇ ಮಾತು, ಉಖ್ತ್, ಎಂದೆ.
ಖುಷಿಯೋ ಖುಷಿ. "ನೋಡು, ಭಾಷೆಗೇ ಗೊತ್ತಿದೆ,
ನಿನಗೆ ಗೊತ್ತಿಲ್ಲ. ನೀನು ಟೈಪ್ ಮಾಡು.
ಮುಂದಿನದು ನನ್ನ ಜಗಳ."

ಜಗಳ ಅವರಿಗೆ ಬರುತ್ತಿತ್ತು.
ಬಾರ್ಕೂರಿನ ಮೀನುಪೇಟೆಯ ಗಂಟಲು,
ಅರಬ್ಬಿ ಸಾಲದಿದ್ದಲ್ಲಿ ಕೊಂಕಣಿ, ಅದೂ ಮುಗಿದರೆ
ಕಿಟಕಿಯ ಮುಂದೆ ಸುಮ್ಮನೆ ನಿಲ್ಲುವುದು,
ಗುಮಾಸ್ತ ಊಟಕ್ಕೆ ಏಳಲಾರದ ಹಾಗೆ.

ಮೊನ್ನೆ ಇಗರ್ಜಿಯಲ್ಲಿ ಯಾರೋ ಮೈಕು ಹಿಡಿದು
ಉರಿದು ಕರಗಿದ ಮೇಣದಬತ್ತಿ ಎಂದರು.
ಹಿಂದಿನ ಬೆಂಚಿನಲ್ಲಿ ನನಗೆ ನಗು ಬಂತು.
ಮೇಣದಬತ್ತಿ ನನಗೆ ಏಳು ರಿಯಾಲ್ ಇನ್ನೂರು ಬೈಸಾ ಬಾಕಿ.
ಕೇಳಿದಾಗಲೆಲ್ಲ, "ನಿನ್ನ ಮದುವೆಗೆ ಕೋಟು ಹೊಲಿದುಕೊಡುತ್ತೇನೆ."
ನನಗಾಗಲೇ ಮೂರು ಮಕ್ಕಳು.

ಒಮ್ಮೆ ಮಾತ್ರ ಖಾಲಿ ಚೀಲದಲ್ಲಿ ಬಂದರು.
ಕೂತರು. ಸುಲೈಮಾನಿ ಕುಡಿದರು.
"ತಮ್ಮ ಒಬ್ಬನಿದ್ದ, ಫೆಲಿಕ್ಸ್. ಹಡಗಿನಲ್ಲಿ.
ಯಾವ ಬಂದರಿನಲ್ಲಿ ಹೋದನೋ, ಕಾಗದವೇ ಬರಲಿಲ್ಲ.
ಅಲ್ಲಿ ಯಾರಾದರೂ ಹೋಗಿ ಕೇಳಿದ್ದರೆ..."
ತೋಳ ಮೇಲಿನ ದಾರ ಹೆಕ್ಕಿ
ಬೆರಳಿಗೆ ಸುತ್ತಿದರು, ಬಿಚ್ಚಿದರು, ಸುತ್ತಿದರು.
ಏಸಿ ಗೊರಗೊರ ಅನ್ನುತ್ತಿತ್ತು.
ಗ್ಲಾಸು ತಾವೇ ತೊಳೆದಿಟ್ಟು ಹೋದರು.

ಆಮೇಲೆ ಈ ಮಂಗಳವಾರ.
ಮಿಶನ್ನಿನ ಸೂಜಿಯಡಿಯಲ್ಲಿ ಅರ್ಧ ಮುಗಿದ ಪುಟ್ಟ ಲಂಗ,
ಅದರ ಮೇಲೆ ಹಣೆ.
ಮಾಲೀಕ ಚಹಾ ತಂದಾಗ ಪೆಡಲಿನ ಮೇಲಿನ ಕಾಲು
ಇನ್ನೂ ಬೆಚ್ಚಗಿತ್ತಂತೆ.

ಇಂದು ಗುರುವಾರ. ಅಂಗಡಿಯೊಳಗೆ ಕಾಲಿಡಲು ಜಾಗವಿಲ್ಲ.
ಊರುಗೋಲು ಹಿಡಿದ ಓಬುಳೇಸು,
ಸರಿಜೋಡಿ ಚಪ್ಪಲಿಯ ದಿಲ್ಹಾನಿ,
ನನಗೆ ಹೆಸರು ಗೊತ್ತಿಲ್ಲದ, ನಾನೇ ಹೆಸರು ಟೈಪಿಸಿದ ಎಷ್ಟೋ ಮುಖ.
ಶವ ಊರಿಗೆ ಕಳಿಸುವ ಅರ್ಜಿ ತೆರೆದೆ.
ಬಾರ್ಕೂರಿನ ವಿಳಾಸಕ್ಕೆ ಕೈ ತಾನೇ ಓಡಿತು.
ಆರನೆಯ ಕಾಲಂನಲ್ಲಿ ನಿಂತಿತು.

ನನ್ನದು ಹಾಕಿ, ಎಂದರು ತೆಲುಗಿನಲ್ಲಿ.
ನನ್ನದು, ಸಿಂಹಳದಲ್ಲಿ. ನನ್ನದು, ಬಂಗಾಳಿಯಲ್ಲಿ.
ಕಾಲಂಗೆ ಒಂದೇ ಹೆಸರು ಸಾಕು.
ದಿಲ್ಹಾನಿಯ ಮುಖ ನೋಡದೆ ನನ್ನದೇ ಹಾಕಿದೆ.
ಅದು ನ್ಯಾಯವೋ ಅಲ್ಲವೋ, ಈಗಲೂ ಗೊತ್ತಿಲ್ಲ.
ಇದಿನಬ್ಬ. ಸಂಬಂಧ: ಅಖ್.
ಅಣ್ಣನಿಗೂ ತಮ್ಮನಿಗೂ ಒಂದೇ ಮಾತು,
ಎರಡೇ ಅಕ್ಷರ. ಟೈಪಿಸಲು ಇಷ್ಟು ಹೊತ್ತು ಬೇಕೆ?

ನಾಳೆ ಕಿಟಕಿಯಾಚೆ ಗುಮಾಸ್ತ ಹುಬ್ಬೇರಿಸುತ್ತಾನೆ,
ಮೆಂಡೋನ್ಸಾಗೆ ಇದಿನಬ್ಬ ಹೇಗೆ?
ಏನು ಹೇಳಬೇಕೋ ಯೋಚಿಸಿಲ್ಲ. ಸುಮ್ಮನೆ ನಿಲ್ಲುತ್ತೇನೆ.

ಹಾಳೆಗೆ ಐನೂರು ಬೈಸಾ.
ಬಾಯಿಯ ಬಾಕಿಗೆ ಸೇರಿಸಿಕೊಂಡೆ.